ನಮ್ಮಂಗಡೀಲಿ ನೋಡ್ತಾರೆ, ಫೋನಲ್ಲಿ ತಗೊಳ್ತಾರೆ: ಪಾತ್ರೆ ಅಂಗಡಿಯವರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಪಾತ್ರೆ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡ್ಕೊಳ್ತಿದೀನಿ. ಸ್ಟೀಲು, ಹಿತ್ತಾಳೆ, ತಾಮ್ರ ತೂಕದ ಲೆಕ್ಕ. ಜೊತೆಗೆ ಕುಕ್ಕರ್, ಮಿಕ್ಸಿ, ಗ್ರೈಂಡರ್, ಗ್ಯಾಸ್ ಸ್ಟೌ ಇಟ್ಟಿದೀವಿ. ಗಿರಾಕಿ ಬರ್ತಾರೆ, ಮಿಕ್ಸಿ ಡಬ್ಬ ಬಿಚ್ಚಿಸ್ತಾರೆ, ಜಾರ್ ಎಷ್ಟು, ವ್ಯಾಟ್ಸ್ ಎಷ್ಟು ಅಂತ ಅರ್ಧ ಗಂಟೆ ಕೇಳ್ತಾರೆ. ಆಮೇಲೆ ಫೋಟೋ ಹೊಡ್ಕೊಂಡು ‘ಮನೇಲಿ ಕೇಳಿ ಬರ್ತೀವಿ’ ಅಂತ ಹೋಗ್ತಾರೆ. ಆರು ತಿಂಗಳಾದ ಮೇಲೆ ಅದೇ ಮಿಕ್ಸಿ ಜಾರಿಗೆ ಗ್ಯಾಸ್ಕೆಟ್ ಇದೆಯಾ ಅಂತ ನಮ್ಮ ಹತ್ರಾನೇ ಬರ್ತಾರೆ! ಕೆಲವು ಮಾಡೆಲ್ಲಿಗೆ ನನ್ನ ಖರೀದಿ ರೇಟಿಗಿಂತ ಆನ್‌ಲೈನ್ ರೇಟೇ ಕಮ್ಮಿ. ಪಕ್ಕದ ಅಂಗಡಿಯವರು ‘ಫೋಟೋ ತೆಗೆಯಬಾರದು’ ಅಂತ ಬೋರ್ಡ್ ಹಾಕಿದಾರೆ. ಮಗ ನಾವೂ ಆನ್‌ಲೈನಿನಲ್ಲಿ ಮಾರೋಣ ಅಂತಾನೆ. ರೇಟ್ ಇಳಿಸಬೇಕಾ, ಆನ್‌ಲೈನಿಗೆ ಹೋಗಬೇಕಾ, ಮಿಕ್ಸಿ ಗಿಕ್ಸಿ ಬಿಟ್ಟು ಬರೀ ಪಾತ್ರೆ ಇಟ್ಕೊಳ್ಳಬೇಕಾ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಯಾದರೂ ಸಂಕಟ ಒಂದೇ. ಬಾಡಿಗೆ ನಿಮ್ಮದು, ಕರೆಂಟು ನಿಮ್ಮದು, ಗಂಟಲು ನಿಮ್ಮದು. ವ್ಯಾಪಾರ ಮಾತ್ರ ಇನ್ಯಾರದೋ. ನಾನು ಮಳಿಗೆ ಸರಣಿಯೊಂದರಲ್ಲಿ ಅಡುಗೆಮನೆ ಸಾಮಾನಿನ ಖರೀದಿ ನೋಡಿಕೊಳ್ಳುತ್ತಿದ್ದವನು, ಈಗ ಸಣ್ಣ ಊರುಗಳ ಅಂಗಡಿಗಳಿಗೆ ಸಲಹೆ ಕೊಡುವುದೇ ಕಸುಬು. ಗ್ಯಾಸ್ಕೆಟ್ ಕೇಳಲು ವಾಪಸ್ ಬರುವ ಗಿರಾಕಿಯ ಕತೆಯನ್ನು ಪಾತ್ರೆ ಅಂಗಡಿಯವರೆಲ್ಲರೂ ಹೇಳುತ್ತಾರೆ. ಆ ಗಿರಾಕಿ ನಿಮಗೆ ನಷ್ಟ ಮಾಡಿದವಳು ಎಂದು ನನಗನ್ನಿಸುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಒಂದು ಕೆಲಸ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟು ಒಂದು ತಿಂಗಳು ಬರೆಯಿರಿ: ಏನು ಕೇಳಿದರು, ತಗೊಂಡರೇ ಇಲ್ಲವೇ, ತಗೊಳ್ಳದಿದ್ದರೆ ಹೋಗುವಾಗ ಕೊನೆಯದಾಗಿ ಕೇಳಿದ್ದೇನು. ಫೋಟೋ ಹೊಡೆದುಕೊಂಡು ಹೋದವರು ನಮ್ಮ ಮನಸ್ಸಿನಲ್ಲಿ ಉಳಿಯುತ್ತಾರೆ, ಯಾಕೆಂದರೆ ಅವರ ಮೇಲೆ ಸಿಟ್ಟಿರುತ್ತದೆ. ಒಳಗೆ ಬಂದವರೇ ‘ಈ ಮಾಡೆಲ್ ಇದೆಯಾ?’ ಎಂದು ಫೋನ್ ತೋರಿಸಿ ಹತ್ತು ನಿಮಿಷದಲ್ಲಿ ದುಡ್ಡು ಕೊಟ್ಟು ಹೋದವರು ನೆನಪಿನಲ್ಲಿರುವುದಿಲ್ಲ. ಅವರೆಲ್ಲ ರಾತ್ರಿ ಮಲಗಿಕೊಂಡು ಫೋನಿನಲ್ಲಿ ನೋಡಿ, ವಿಮರ್ಶೆ ಓದಿ, ತೀರ್ಮಾನ ಮಾಡಿಯೇ ಬಂದವರು. ಆ ಗಿರಾಕಿಯನ್ನು ನಿಮ್ಮ ಬಾಗಿಲಿಗೆ ಕಳಿಸಿದ್ದೂ ಅದೇ ಫೋನು. ಹೋದದ್ದನ್ನು ಮಾತ್ರ ಎಣಿಸಿ ಬಂದದ್ದನ್ನು ಎಣಿಸದಿದ್ದರೆ ಲೆಕ್ಕ ತಪ್ಪುತ್ತದೆ.

‘ಆನ್‌ಲೈನ್ ಗಿರಾಕಿ ಬೇರೆ, ಅಂಗಡಿ ಗಿರಾಕಿ ಬೇರೆ’ ಅನ್ನುವುದೂ ಇದೇ ಬಗೆಯ ತಪ್ಪು ಎಣಿಕೆ. ಅಮೆರಿಕದ ಒಂದು ದೊಡ್ಡ ಮಳಿಗೆ ಸರಣಿಯ 46,000 ಗಿರಾಕಿಗಳನ್ನು ಗಮನಿಸಿದ ಅಧ್ಯಯನವೊಂದು 2017ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂತು. ಬರೀ ಆನ್‌ಲೈನಿನಲ್ಲಿ ಕೊಂಡವರು 7%, ಬರೀ ಅಂಗಡಿಯಲ್ಲಿ ಕೊಂಡವರು 20%, ಉಳಿದ 73% ಜನ ಎರಡೂ ಕಡೆ ಓಡಾಡಿದವರು. ಆ ಅಂಕಿಗಳನ್ನು ತಿಪಟೂರಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಆದರೆ ನಾನು ಕೆಲಸ ಮಾಡಿದ ಊರುಗಳಲ್ಲೂ ಗಾಳಿ ಬೀಸುತ್ತಿರುವುದು ಅದೇ ದಿಕ್ಕಿಗೆ. ಮಿಕ್ಸಿಯನ್ನು ಫೋನಿನಲ್ಲಿ ತರಿಸಿದ ಮನೆಯೇ ಮಗಳ ಮದುವೆಗೆ ಹಿತ್ತಾಳೆ ಹಂಡೆ ತಗೊಳ್ಳಲು ನಿಮ್ಮಲ್ಲಿಗೆ ಬರುತ್ತದೆ. ಒಬ್ಬಳೇ ಹೆಂಗಸು ಒಂದು ಸಾಮಾನಿಗೆ ಅಲ್ಲಿ, ಇನ್ನೊಂದಕ್ಕೆ ಇಲ್ಲಿ. ಹಾಗಾದರೆ ಕೇಳಬೇಕಾದದ್ದು, ಯಾವ ಸಾಮಾನಿಗೆ ಎಲ್ಲಿ, ಯಾಕೆ?

ಇದಕ್ಕೆ ಅರ್ಥಶಾಸ್ತ್ರದಲ್ಲಿ ಹಳೆಯ ಉತ್ತರವೊಂದಿದೆ. ಫಿಲಿಪ್ ನೆಲ್ಸನ್ ಎಂಬವರು 1970ರಲ್ಲೇ ಸಾಮಾನುಗಳನ್ನು ಎರಡು ಬಗೆ ಮಾಡಿದ್ದರು: ಕೊಳ್ಳುವ ಮೊದಲೇ ವಿಚಾರಿಸಿ ತಿಳಿಯಬಹುದಾದವು, ಬಳಸಿದ ಮೇಲಷ್ಟೇ ತಿಳಿಯುವಂಥವು. 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಎಂಬಿಬ್ಬರು ಮೂರನೆಯದೊಂದನ್ನು ಸೇರಿಸಿದರು: ಬಳಸಿದ ಮೇಲೂ ಗಿರಾಕಿಗೆ ಗುಣ ತಿಳಿಯದೆ, ಮಾರಿದವನ ಮಾತನ್ನೇ ನಂಬಬೇಕಾದವು. ಇಂಟರ್‌ನೆಟ್ಟೇ ಇಲ್ಲದ ಕಾಲದ ಈ ವಿಂಗಡಣೆ ನಿಮ್ಮ ಅಂಗಡಿಗೆ ಹೇಳಿ ಮಾಡಿಸಿದಂತಿದೆ.

750 ವ್ಯಾಟ್ಸಿನ, ಮೂರು ಜಾರಿನ, ಇಂಥ ನಂಬರಿನ ಮಿಕ್ಸಿ ಮೊದಲನೇ ಬಗೆ. ತಿಪಟೂರಿನಲ್ಲಿ ಕೊಂಡರೂ ತುಮಕೂರಿನಲ್ಲಿ ಕೊಂಡರೂ ಡಬ್ಬದೊಳಗಿನದು ಅದೇ. ಗಿರಾಕಿಗೆ ಉಳಿಯುವುದು ಸಣ್ಣಪುಟ್ಟ ಅನುಮಾನ: ಸದ್ದೆಷ್ಟು, ಜಾರಿನ ಹಿಡಿ ಗಟ್ಟಿಯಿದೆಯಾ, ನಮ್ಮ ಕಟ್ಟೆಯ ಮೇಲೆ ಕೂರುತ್ತದಾ. ಅಷ್ಟನ್ನೂ ನೀವು ಬಗೆಹರಿಸಿಬಿಟ್ಟಿರಿ. ಆಮೇಲೆ ಉಳಿದದ್ದು ‘ನನಗೆ ಜಾಸ್ತಿ ರೇಟು ಹಾಕಿದರಾ?’ ಎಂಬ ಒಂದೇ ಅನುಮಾನ. ಅದು ಮಾತ್ರ ನಿಮ್ಮಲ್ಲಿ ಬಗೆಹರಿಯುವುದಿಲ್ಲ, ಫೋನಿನಲ್ಲಿ ಬಗೆಹರಿಯುತ್ತದೆ. ಗಿರಾಕಿ ಕೊನೆಯ ಅನುಮಾನ ಎಲ್ಲಿ ತೀರುತ್ತದೋ ಅಲ್ಲೇ ದುಡ್ಡು ಕೊಡುತ್ತಾಳೆ. ಈ ಕಸುಬಿನಲ್ಲಿ ನನಗೆ ಗೊತ್ತಾದ ಮುಖ್ಯ ವಿಷಯ ಇದು.

ಬಾಣಲೆ, ತಪ್ಪಲೆ, ಇಡ್ಲಿ ಪಾತ್ರೆ ಎರಡನೇ ಬಗೆ. ಫೋಟೋದಲ್ಲಿ ಎಲ್ಲವೂ ಫಳಫಳ. ತಳ ದಪ್ಪವಾ, ಅಂಚು ಕೈಗೆ ತಾಗುತ್ತದಾ, ಎರಡು ಸೇರು ಅಕ್ಕಿ ಹಿಡಿಸುತ್ತದಾ ಎನ್ನುವುದನ್ನು ಎತ್ತಿ ನೋಡಬೇಕು, ಬೆರಳಿನಿಂದ ಬಡಿದು ಕೇಳಬೇಕು. ಕೈಗೆ ಸಿಕ್ಕ ಸಾಮಾನು ತನ್ನದೇ ಅನ್ನಿಸತೊಡಗುತ್ತದೆ. ಜೋಆನ್ ಪೆಕ್ ಮತ್ತು ಸುಝನ್ ಶು ಎಂಬ ಸಂಶೋಧಕರು ಪ್ರಯೋಗ ಮಾಡಿ 2009ರಲ್ಲಿ ಇದನ್ನು ತೋರಿಸಿದ್ದಾರೆ. ಆದರೂ ಒಳ್ಳೊಳ್ಳೆಯ ತಾಮ್ರದ ಚೊಂಬುಗಳನ್ನು ಗಾಜಿನ ಬೀರುವಿನೊಳಗಿಟ್ಟು ಬೀಗ ಹಾಕುವ ಅಂಗಡಿಗಳನ್ನು ನೋಡುತ್ತಲೇ ಇರುತ್ತೇನೆ. ಕೈಯಲ್ಲಿ ಹಿಡಿದು ನೋಡುವ ಅನುಕೂಲ ಫೋನಿನಲ್ಲಿ ಹೇಗೂ ಇಲ್ಲ. ಅಂಗಡಿಯವರೂ ಅದನ್ನು ಕಿತ್ತುಕೊಂಡರೆ ಹೇಗೆ?

ಮೂರನೇ ಬಗೆಯದು ಸ್ಟೀಲಿನ ಗ್ರೇಡು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಲಾಭ ಅಡಗಿರುವುದು ಇಲ್ಲೇ. ಗಿರಾಕಿಗಳು ಈಗ ಆಯಸ್ಕಾಂತ ಹಿಡಿದುಕೊಂಡು ಬರುತ್ತಾರೆ: ಅಂಟಿದರೆ ಕಳಪೆ, ಅಂಟದಿದ್ದರೆ 304. ಈ ನಂಬಿಕೆ ಅರ್ಧ ಮಾತ್ರ ನಿಜ. 304 ಎಂದರೆ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುವ ಸ್ಟೀಲು. 202ರಂಥ ಅಗ್ಗದ ಗ್ರೇಡುಗಳಲ್ಲಿ ದುಬಾರಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಆದರೆ ಆಯಸ್ಕಾಂತ ಎರಡಕ್ಕೂ ಹೆಚ್ಚುಕಮ್ಮಿ ಅಂಟುವುದೇ ಇಲ್ಲ. ಅಂದರೆ ಗಿರಾಕಿ ಯಾವುದಕ್ಕೆ ಹೆದರುತ್ತಾಳೋ ಆ ಮೋಸ ಆಯಸ್ಕಾಂತಕ್ಕೆ ಸಿಕ್ಕುವುದಿಲ್ಲ. ಚೆನ್ನಾಗಿ ಅಂಟುವ 430 ಗ್ರೇಡಿನಲ್ಲಿ ನಿಕಲ್ ಇಲ್ಲ ನಿಜ. ಆದರೆ ಇಂಡಕ್ಷನ್ ಒಲೆಯ ಪಾತ್ರೆಗೆ ತಳದಲ್ಲಿ ಅಂಥದೇ ಬೇಕು, ಅಂಟದ ಪಾತ್ರೆ ಅಲ್ಲಿ ಬಿಸಿಯೇ ಆಗದು. ಸಾಲದ್ದಕ್ಕೆ, ಎಳೆದು ಬಾಗಿಸಿ ರೂಪ ಕೊಟ್ಟ ಜಾಗದಲ್ಲಿ ಅಸಲಿ 304 ಕೂಡ ಸ್ವಲ್ಪ ಅಂಟುತ್ತದೆ. ಇದನ್ನೆಲ್ಲ ಗಿರಾಕಿಗೆ ನಿಧಾನವಾಗಿ ಬಿಡಿಸಿ ಹೇಳಿ, ಬಿಲ್ಲಿನ ಮೇಲೆ ‘304’ ಎಂದು ಬರೆದು ಸೀಲು ಹಾಕಿಕೊಡುವ ಅಂಗಡಿ ಯಾವುದು? ನಿಮ್ಮದಾಗಲಿ. ಸಪ್ಲೈಯರ್ ಹತ್ತಿರ ಲಿಖಿತವಾಗಿ ತೆಗೆದುಕೊಳ್ಳದೆ ಮಾತ್ರ ಬರೆಯಬೇಡಿ. ಬರೆದುಕೊಟ್ಟ ಮೇಲೆ ಹೊಣೆ ನಿಮ್ಮದು.

ಇನ್ನು ‘ನನ್ನ ಖರೀದಿಗಿಂತ ಆನ್‌ಲೈನ್ ರೇಟೇ ಕಮ್ಮಿ’ ಎಂಬ ಮಾತು. ಕೆಲವು ಸಲ ಇದು ನಿಜ, ಆದರೆ ಎಲ್ಲ ಸಲವೂ ಅಲ್ಲ. ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಹೋಲಿಸಿ. ಕಂಪನಿಗಳು ಆನ್‌ಲೈನಿಗೆಂದೇ ಬೇರೆ ಮಾಡೆಲ್ ಬಿಡುವುದುಂಟು. ಹೆಸರು ಅದೇ, ಬಣ್ಣ ಅದೇ, ಆದರೆ ಒಂದು ಜಾರು ಕಮ್ಮಿ, ಇಲ್ಲವೇ ವಾರಂಟಿ ಕಮ್ಮಿ. ಎರಡನೆಯದಾಗಿ, ಗಿರಾಕಿ ತೋರಿಸುವ ದರದಲ್ಲಿ ಬ್ಯಾಂಕ್ ಕಾರ್ಡಿನ ರಿಯಾಯಿತಿ ಸೇರಿದೆಯಾ ನೋಡಿ. ಆ ಕಾರ್ಡು ಇಲ್ಲದವರಿಗೆ ಆ ದರವೂ ಇಲ್ಲ. ಮೂರನೆಯದು ನಿಮ್ಮದೇ ಲೆಕ್ಕ: ಇನ್‌ವಾಯ್ಸ್ ದರವನ್ನೇ ಖರೀದಿ ದರ ಅಂದುಕೊಂಡಿದ್ದೀರಾ? ಸ್ಲ್ಯಾಬ್ ಸ್ಕೀಮು (ಹೆಚ್ಚು ಕೊಂಡಷ್ಟೂ ಹೆಚ್ಚುವ ರಿಯಾಯಿತಿ), ಮೂರು ತಿಂಗಳ ಟಾರ್ಗೆಟ್ ಮುಟ್ಟಿದ್ದಕ್ಕೆ ಬರುವ ಕ್ರೆಡಿಟ್ ನೋಟು, ಕ್ಯಾಶ್ ಡಿಸ್ಕೌಂಟು ಎಲ್ಲ ಕಳೆದ ಮೇಲೆ ಬರುವುದು ಅಸಲಿ ಲ್ಯಾಂಡಿಂಗ್ ದರ, ಅಂದರೆ ಮಾಲು ನಿಮಗೆ ನಿಜವಾಗಿ ಬಿದ್ದ ದರ. ಇಷ್ಟಾದ ಮೇಲೂ ಆನ್‌ಲೈನ್ ದರ ಕೆಳಗಿದ್ದರೆ, ಯಾರೋ ದೊಡ್ಡ ಮಾರಾಟಗಾರರು ಸ್ಟಾಕು ಖಾಲಿ ಮಾಡುತ್ತಿದ್ದಾರೆ ಅಥವಾ ಕಂಪನಿಯೇ ಆ ಮಾಡೆಲ್ಲಿಗೆ ದುಡ್ಡು ಸುರಿಯುತ್ತಿದೆ. ವಿದೇಶಿ ಬಂಡವಾಳದ ಆನ್‌ಲೈನ್ ಮಾರಾಟ ತಾಣಗಳು ತಾವೇ ದರ ನಿಯಂತ್ರಿಸಬಾರದು, ತಮ್ಮದೇ ದಾಸ್ತಾನು ಮಾರಬಾರದು ಎಂಬ ಬಿಗಿ ನಿಯಮ 2019ರ ಫೆಬ್ರುವರಿ 1ರಿಂದ ಜಾರಿಯಲ್ಲಿದೆ. ಹಾಗಂತ ಅಗ್ಗದ ದರವೇನೂ ನಿಂತಿಲ್ಲ; ಆ ನಿಯಮವನ್ನೇ ನಂಬಿ ಕೂರಬೇಡಿ. ಅಂಥ ಮಾಡೆಲ್ಲನ್ನು ಈಗಿನ ಸ್ಟಾಕು ಮುಗಿದ ಮೇಲೆ ತರಿಸಲೇಬೇಡಿ.

ದರ ಒಂದೇ ಜನರನ್ನು ಎಳೆಯುತ್ತಿಲ್ಲ ಎನ್ನುವುದನ್ನೂ ಹೇಳಬೇಕು. ಅಂಗಡಿಯಲ್ಲಿ ಕೊಳ್ಳದೆ ಹೋದ ಹೆಂಗಸರನ್ನು ಮಾತಾಡಿಸಿದಾಗೆಲ್ಲ ಒಂದೇ ಸಂಕೋಚ ಬೇರೆ ಬೇರೆ ರೂಪದಲ್ಲಿ ಕೇಳಿಸುತ್ತದೆ: ‘ಅಷ್ಟೊಂದು ತೆಗೆಸಿದ ಮೇಲೆ ಬೇಡ ಅನ್ನೋದು ಹೇಗೆ?’ ಫೋನಿನಲ್ಲಿ ನೂರು ನೋಡಿ ಒಂದೂ ತಗೊಳ್ಳದಿದ್ದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ‘ಮನೇಲಿ ಕೇಳಿ ಬರ್ತೀವಿ’ ಎನ್ನುವುದು ಬಹಳ ಸಲ ಈ ಮುಜುಗರದಿಂದ ತಪ್ಪಿಸಿಕೊಳ್ಳುವ ಬಾಗಿಲು. ವಾಪಸ್ ಕೊಡುವುದೂ ಹಾಗೆಯೇ. ಅಲ್ಲಿ ಬಟನ್ ಒತ್ತಿದರಾಯಿತು, ಇಲ್ಲಿ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ’ ಎಂದು ದೇವರ ಪಟದ ಕೆಳಗೇ ಬರೆದಿರುತ್ತದೆ. ಆ ಬೋರ್ಡು ನಿಮ್ಮಲ್ಲಿದ್ದರೆ ಇವತ್ತೇ ತೆಗೆಸಿ. ‘ಡಬ್ಬ ಕೆಡದಿದ್ದರೆ 7 ದಿನದೊಳಗೆ ಬದಲಾಯಿಸಿ ಕೊಡುತ್ತೇವೆ’ ಎಂದು ಬರೆಸಿ. ದುರುಪಯೋಗ ಮಾಡುವವರು ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಆ ಖರ್ಚನ್ನು ಜಾಹೀರಾತಿನ ಲೆಕ್ಕಕ್ಕೆ ಬರೆದುಕೊಳ್ಳಿ.

ಜನ ಅಂಗಡಿಗೇ ಬರುವ ಕಾರಣಗಳೂ ಕಮ್ಮಿಯಿಲ್ಲ. ಹಬ್ಬದ ಹಿಂದಿನ ದಿನ ಮಿಕ್ಸಿ ಸುಟ್ಟುಹೋದವಳಿಗೆ ಎರಡು ದಿನದ ಡೆಲಿವರಿ ಪ್ರಯೋಜನಕ್ಕೆ ಬಾರದು. ಹಳೆ ಹಿತ್ತಾಳೆ ಕೊಟ್ಟು ಹೊಸ ಸ್ಟೀಲು ತಗೊಳ್ಳುವ ವ್ಯವಹಾರ ತಕ್ಕಡಿ ಇರುವ ಕಡೆಯೇ ಆಗಬೇಕು. ಕೊಬ್ಬರಿಗೆ ಒಳ್ಳೆ ರೇಟು ಬಂದ ವರ್ಷ ನಿಮ್ಮಲ್ಲಿ ಹಂಡೆ, ಕೊಳಗ ಎಷ್ಟು ಹೋಗುತ್ತವೆಂದು ನಾನು ಹೇಳಬೇಕಿಲ್ಲ. ಮದುವೆಗೂ ಗೃಹಪ್ರವೇಶಕ್ಕೂ ಮುಯ್ಯಿ ಮಾಡುವವರು ಪಾತ್ರೆ ಕೊಂಡಷ್ಟಕ್ಕೇ ಹೋಗುವುದಿಲ್ಲ, ಮೇಲೆ ಹೆಸರು ಹಾಕಿಸಬೇಕು. ನಾನೊಂದು ಅಂಗಡಿಯಲ್ಲಿ ಕೂತಿದ್ದಾಗ ಅಜ್ಜಿಯೊಬ್ಬರು ಮೊಮ್ಮಗಳಿಗೆ ಕೊಡುವ ಡಬರಿಯ ಮೇಲೆ ಹೆಸರು ಹಾಕಿಸುತ್ತಿದ್ದರು. ಮಷೀನು ಗುರ್ರೆಂದು ಅಕ್ಷರ ಕೊರೆಯುತ್ತಿದ್ದಷ್ಟು ಹೊತ್ತೂ ಹುಡುಗನ ಕೈಯಿಂದ ಕಣ್ಣು ತೆಗೆಯಲಿಲ್ಲ. ‘ಊರಿನ ಹೆಸರೂ ಹಾಕಪ್ಪ, ತವರುಮನೆ ಯಾವುದೂಂತ ಗೊತ್ತಾಗ್ಬೇಕು’ ಅಂದರು. ಆ ಡಬರಿಯ ದರವನ್ನು ಅವರು ಎಲ್ಲಿಯೂ ಹೋಲಿಸಿರಲಿಲ್ಲ. ನಿಮ್ಮಲ್ಲಿ ಆ ಮಷೀನು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದರೆ ಬಾಗಿಲ ಹತ್ತಿರಕ್ಕೆ ತನ್ನಿ.

ಈಗ ನಿಮ್ಮ ಮೂರು ಪ್ರಶ್ನೆ.

ರೇಟ್ ಇಳಿಸಬೇಕಾ? ಎಲ್ಲದಕ್ಕೂ ಬೇಡ. ಒಂದು ಮಿಕ್ಸಿ ನಿಮಗೆ 3,600 ರೂಪಾಯಿಗೆ ಬಿದ್ದು, 4,000ಕ್ಕೆ ಮಾರುತ್ತೀರಿ ಅಂದುಕೊಳ್ಳಿ. ಸಿಗುವುದು 400. ಗಿರಾಕಿ ಉಳಿಯಲೆಂದು 200 ಬಿಟ್ಟರೆ, ಮೊದಲಿನಷ್ಟೇ ದುಡ್ಡು ನೋಡಲು ಎರಡು ಪಟ್ಟು ಮಿಕ್ಸಿ ಮಾರಬೇಕು. ನಿಮ್ಮ ಊರಿನಲ್ಲಿ ಅಷ್ಟು ಮಿಕ್ಸಿ ಬೇಕಾದವರು ಇದ್ದಾರೆಯೇ? ದರ ಇಳಿಸಿದ ಸುದ್ದಿಯೂ ನಿಲ್ಲುವುದಿಲ್ಲ, ನಾಳೆ ಬಾಣಲೆಗೂ ‘ಆನ್‌ಲೈನ್ ರೇಟಿಗೆ ಕೊಡಿ’ ಅಂತಾರೆ. ಜನ ಹೆಚ್ಚು ಹುಡುಕುವ ನಾಲ್ಕೈದು ಮಾಡೆಲ್ಲುಗಳಿಗೆ ಮಾತ್ರ ದರವನ್ನು ಆನ್‌ಲೈನಿನ ಹತ್ತಿರ ತನ್ನಿ. ಆ ದರವನ್ನು ಚೀಟಿಯಲ್ಲಿ ಬರೆದು ಮಿಕ್ಸಿಗೇ ಅಂಟಿಸಿ, ಚೌಕಾಸಿಯಿಲ್ಲ. ಬಾಯಲ್ಲಿ ಹೇಳಿದ ದರ ಅನುಮಾನ ಹುಟ್ಟಿಸುತ್ತದೆ, ಬರೆದ ದರ ಅಷ್ಟು ಹುಟ್ಟಿಸುವುದಿಲ್ಲ. ಅದೇ ಚೀಟಿಯಲ್ಲಿ ನೀವು ಕೊಡುವ ಉಪಕಾರವನ್ನೂ ಬರೆಯಿರಿ: ಇವತ್ತೇ ಮನೆಗೆ, ಓಡಿಸಿ ತೋರಿಸಿ ಕೊಡುತ್ತೇವೆ, ವಾರಂಟಿ ರಿಪೇರಿಗೆ ಸರ್ವೀಸ್ ಸೆಂಟರಿಗೆ ನಾವೇ ಕಳಿಸಿ ತರಿಸುತ್ತೇವೆ. ಗಿರಾಕಿ ಫೋಟೋ ತೆಗೆದರೆ ಇದೆಲ್ಲ ಫೋಟೋದೊಳಗೆ ಹೋಗಲಿ. ರಾತ್ರಿ ಗಂಡನಿಗೆ ಅದನ್ನು ತೋರಿಸುತ್ತಾಳೆ, ನಿಮ್ಮ ವಕಾಲತ್ತು ಪುಕ್ಕಟೆ. ಪಕ್ಕದವರ ಫೋಟೋ ಬೋರ್ಡು ದಂಡ. ಮಾಡೆಲ್ ನಂಬರನ್ನು ಬಾಯಿಪಾಠ ಮಾಡಿಕೊಂಡರೂ ಆಗುತ್ತದೆ, ಬೋರ್ಡಿನಿಂದ ಉಳಿಯುವುದು ಬರೀ ಅವಮಾನ.

ಆನ್‌ಲೈನಿನಲ್ಲಿ ಮಾರಬೇಕಾ? ಮಗನ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಆದರೆ ದೊಡ್ಡ ತಾಣಗಳಲ್ಲಿ ಪಾತ್ರೆ ಮಾರುವುದು ಕಷ್ಟದ ವ್ಯಾಪಾರ. ಕಮಿಷನ್ನು, ಪ್ಯಾಕಿಂಗು, ನೆಗ್ಗಿ ವಾಪಸ್ ಬರುವ ಮಾಲು ಎಲ್ಲರಿಗೂ ಗೊತ್ತಿರುವುದೇ. ಹೊಸಬರು ಬೀಳುವುದು ಕೊರಿಯರ್ ತೂಕದ ಲೆಕ್ಕದಲ್ಲಿ. ಕೊರಿಯರಿನವರು ಅಸಲಿ ತೂಕದ ಜೊತೆಗೆ ಡಬ್ಬದ ಗಾತ್ರದ ತೂಕವನ್ನೂ ನೋಡಿ, ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ವಾಡಿಕೆಯ ಸೂತ್ರ. ಮೂರೂ ಕಡೆ 40 ಸೆಂಟಿಮೀಟರಿರುವ ಡಬ್ಬದಲ್ಲಿ ಎರಡು ಕಿಲೋ ತಪ್ಪಲೆ ಕಳಿಸಿದರೆ ಅದು 12.8 ಕಿಲೋ ಆಗುತ್ತದೆ. ನೀವು ಪಾತ್ರೆಯೊಳಗಿನ ಗಾಳಿಗೆ ಬಾಡಿಗೆ ಕಟ್ಟುತ್ತೀರಿ. ತೆರಿಗೆಯನ್ನೂ ನೋಡಿಕೊಳ್ಳಿ: ತಾಣಗಳು ಮಾರಾಟದ ಮೇಲೆ ಜಿಎಸ್‌ಟಿಯ ಟಿಸಿಎಸ್ (ನಿಮಗೆ ದುಡ್ಡು ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತವೆ, 2024ರ ಜುಲೈ 10ರಿಂದ ಅದು 0.5%. ನೀವು ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಕಮ್ಮಿ ದರದಲ್ಲಿ ತೆರಿಗೆ ಕಟ್ಟುವ ಯೋಜನೆ) ಹೊರರಾಜ್ಯಕ್ಕೆ ಮಾರುವಂತಿಲ್ಲ. ಕೈ ಹಾಕುವ ಮೊದಲು ನಿಮ್ಮ ಆಡಿಟರನ್ನು ಕೇಳಿ.

ಮಗನಿಗೆ ಬೇರೆ ಕೆಲಸ ಕೊಡಿ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು, ತೆರೆಯುವ ಮುಚ್ಚುವ ಹೊತ್ತು, ವಾರದ ರಜೆ, ಫೋನ್ ನಂಬರು ಸರಿಯಾಗಿರಲಿ. ವಾಟ್ಸಾಪ್ ಬಿಸಿನೆಸ್ಸಿನ ಕ್ಯಾಟಲಾಗಿನಲ್ಲಿ ಮದುವೆ ಸೆಟ್ಟುಗಳು, ಹಿತ್ತಾಳೆ ದೀಪ, ಹೆಸರು ಹಾಕಿದ ಪಾತ್ರೆಗಳ ಫೋಟೋ ದರದ ಸಮೇತ ಇರಲಿ. ಪಕ್ಕದಲ್ಲಿ ಒಂದು ಸ್ಕೇಲೋ ತೆಂಗಿನಕಾಯಿಯೋ ಇಟ್ಟು ಫೋಟೋ ತೆಗೆಯಲಿ, ಗಾತ್ರ ತಿಳಿಯುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನ ಮಕ್ಕಳು ಅಲ್ಲಿಂದಲೇ ಆರಿಸಿ, ಯುಪಿಐನಲ್ಲಿ ದುಡ್ಡು ಕಳಿಸಿ, ಅಮ್ಮನ ಮನೆಗೆ ತಲುಪಿಸಿ ಎನ್ನುತ್ತಾರೆ. ಹೀಗೆ ನಡೆಯುತ್ತಿರುವ ಅಂಗಡಿಗಳಿವೆ. ಇದರ ಅಪಾಯ ಒಂದೇ, ಮೆಸೇಜಿಗೆ ಉತ್ತರ ಕೊಡದಿರುವುದು. ಬೆಳಿಗ್ಗೆ ಕೇಳಿದವರಿಗೆ ರಾತ್ರಿ ಉತ್ತರ ಹೋದರೆ ಅಷ್ಟರಲ್ಲಿ ಅವರು ಬೇರೆಲ್ಲೋ ತಗೊಂಡಿರುತ್ತಾರೆ.

ಒಂದು ಎಚ್ಚರಿಕೆ. ‘ಇನ್ನು 2 ಮಾತ್ರ ಉಳಿದಿವೆ’ ಎಂಬ ಸುಳ್ಳು, ಸುಮ್ಮನೆ ಅವಸರಪಡಿಸಲು ಓಡುವ ಗಡಿಯಾರ, ಕೊನೆಯಲ್ಲಿ ಮೆಲ್ಲಗೆ ಸೇರಿಕೊಳ್ಳುವ ಶುಲ್ಕ ಇಂಥ 13 ಬಗೆಯ ಮರುಳು ಮಾಡುವ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಮಗ ಅವನ್ನು ನೋಡಿ ಕಲಿಯದಿರಲಿ. ‘ಇವತ್ತು ಒಂದಿನ ಮಾತ್ರ ಈ ರೇಟು’ ಎಂದು ವರ್ಷವಿಡೀ ಹೇಳುವ ನಮ್ಮ ಬಜಾರಿನವರೂ ಈ ವಿಷಯದಲ್ಲಿ ಸಾಚಾ ಏನಲ್ಲ, ಬಿಡಿ.

ಮಿಕ್ಸಿ ಬಿಡಬೇಕಾ? ಬಿಡಬೇಡಿ, ಕಮ್ಮಿ ಮಾಡಿ. ಮಿಕ್ಸಿ ನೋಡಲು ಬಂದವಳು ಸೌಟು ತಗೊಂಡು ಹೋಗುತ್ತಾಳೆ, ಮಿಕ್ಸಿಯೇ ಇಲ್ಲದ ಅಂಗಡಿಗೆ ಬರುವ ಕಾರಣವೇ ಅರ್ಧ ಹೋಗುತ್ತದೆ. ಆನ್‌ಲೈನಿಗೆ ಬಿಡದ ಮಾಡೆಲ್ಲುಗಳು ಯಾವುವೆಂದು ಡಿಸ್ಟ್ರಿಬ್ಯೂಟರನ್ನು ಕೇಳಿ ಅವನ್ನೇ ಹೆಚ್ಚು ಇಡಿ. ಡೆಮೊಗೆ ಒಂದನ್ನು ಕಟ್ಟೆಯ ಮೇಲೆ ಪ್ಲಗ್ ಹಾಕಿ ಇಡಿ. ಡಬ್ಬ ಬಿಚ್ಚುವ ರಗಳೆ ತಪ್ಪುತ್ತದೆ, ಗಿರಾಕಿಗೂ ಮುಜುಗರವಿಲ್ಲ. ಕುಕ್ಕರಿನಲ್ಲಿ ನಿಮ್ಮ ಕೈ ಇನ್ನೂ ಮೇಲಿದೆ. 2021ರ ಫೆಬ್ರುವರಿ 1ರಿಂದ ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೂ ಗುರುತಿಲ್ಲದ ಕುಕ್ಕರುಗಳನ್ನು ಮಾರಲು ಬಿಟ್ಟಿದ್ದಕ್ಕೆ ಅದೇ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಆಗಸ್ಟಿನಲ್ಲಿ ಎರಡು ದೊಡ್ಡ ತಾಣಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ಹಾಕಿ, ಮಾರಿದ್ದನ್ನು ವಾಪಸ್ ಪಡೆಯಲು ಆದೇಶಿಸಿತ್ತು. ಇದನ್ನು ಹೇಳಿ ಹೆದರಿಸುವುದು ಬೇಡ. ಕುಕ್ಕರಿನ ಮೇಲಿರುವ ಗುರುತಿನ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು. ನಿಮ್ಮ ಸ್ಟಾಕಿನಲ್ಲಿ ಗುರುತಿಲ್ಲದ್ದು ಒಂದೂ ಇಲ್ಲವೆಂದು ಅದಕ್ಕೆ ಮುಂಚೆ ಖಾತ್ರಿ ಮಾಡಿಕೊಳ್ಳಿ.

ಕೊನೆಗೆ ಆ ಗ್ಯಾಸ್ಕೆಟ್ ಗಿರಾಕಿ. ಮಿಕ್ಸಿಯಲ್ಲಿ ನಿಮಗೆ ನೂರಕ್ಕೆ ಹತ್ತು ಸಿಕ್ಕರೆ, ಗ್ಯಾಸ್ಕೆಟ್ಟು, ಕಪ್ಲರು, ಜಾರಿನ ಬ್ಲೇಡು, ಕುಕ್ಕರಿನ ವೆಯಿಟು, ಸೇಫ್ಟಿ ವಾಲ್ವು ಇವುಗಳಲ್ಲಿ ಎಷ್ಟು ಸಿಗುತ್ತದೆಂದು ನಿಮ್ಮ ಬಿಲ್ಲು ತೆಗೆದು ನೋಡಿ. ಇವಕ್ಕೆ ಆನ್‌ಲೈನಿನಲ್ಲಿ ಸರಿಯಾದ ಅಳತೆ ಹುಡುಕುವುದೇ ತಲೆನೋವು, ಅದಕ್ಕೇ ಅವಳು ನಿಮ್ಮ ಮೆಟ್ಟಿಲು ಹತ್ತಿದ್ದು. ‘ಎಲ್ಲಿ ತಗೊಂಡಿದ್ರಿ ಅಮ್ಮಾ?’ ಎಂದು ಮಾತ್ರ ಕೇಳಬೇಡಿ, ಇನ್ನೊಮ್ಮೆ ಬರುವುದಿಲ್ಲ. ಹಳೆಯ ಗ್ಯಾಸ್ಕೆಟ್ ಕೈಗೆ ತೆಗೆದುಕೊಂಡು ಅಳತೆ ಹಿಡಿದು ಹೊಸದು ಕೊಡಿ, ಹಾಕಿಯೂ ಕೊಡಿ, ಅದಕ್ಕೆ ಚಾರ್ಜು ಬರೆದು ಹಾಕಿದ್ದರೆ ತೆಗೆದುಕೊಳ್ಳಿ. ಬಿಡಿಭಾಗಕ್ಕೆಂದೇ ಒಂದು ಕಪಾಟು ಮಾಡಿ, ಯಾವ ಕಂಪನಿಯ ಯಾವ ಲೀಟರಿಗೆ ಯಾವುದು ಎಂದು ಚೀಟಿ ಅಂಟಿಸಿ. ದೀಪಾವಳಿಗೆ ಮುಂಚೆ ಡಿಸ್ಟ್ರಿಬ್ಯೂಟರು ಸ್ಲ್ಯಾಬಿನ ಆಸೆ ತೋರಿಸಿ ಐವತ್ತು ಮಿಕ್ಸಿ ಇಳಿಸಲು ಬಂದರೆ, ಹದಿನೈದು ಸಾಕು ಎಂದು ಹೇಳಿ, ಉಳಿದ ದುಡ್ಡನ್ನು ಈ ಕಪಾಟಿಗೂ ಹಿತ್ತಾಳೆಗೂ ಹಾಕಿ.